ಅವಲಕ್ಕಿ ಮಾವನ ಅರ್ಜಿ

ಅರಸೀಕೆರೆಯಲ್ಲಿ ನಾನು ಬಾಡಿಗೆಗಿರುವ ಬೀದಿಯಲ್ಲಿ ಮೊನ್ನೆ ಯಾರೋ ನೆನೆಸಿದ ಭತ್ತ ಹುರಿಯುತ್ತಿದ್ದರು. ಆ ಹಸಿ ಹೊಟ್ಟಿನ ಬಿಸಿ ವಾಸನೆಗೆ ಕಾಲು ತಾನಾಗಿ ನಿಂತಿತು. ಬೇಲೂರಿನಲ್ಲಿ ನಮ್ಮ ಪಕ್ಕದ ಮನೆಯಿಂದ ದಿನವೂ ಬರುತ್ತಿದ್ದ ವಾಸನೆ ಅದು... ಅಲ್ಲಿ ಅವಲಕ್ಕಿ ಮಾವ ಇದ್ದರು.

ನಾನು ಬಿ.ಎ. ಮುಗಿಸಿ ಊರಿಗೆ ಬಂದ ವರ್ಷ, ಮನೆಯಲ್ಲಿ ಅವಲಕ್ಕಿ ಕುಟ್ಟಿ ಮಾರುವವರೂ ಲೈಸೆನ್ಸ್ ಪಡೆಯಬೇಕೆಂದು ಸರ್ಕಾರದ ಹೊಸ ನಿಯಮ ಬಂತು. ಮಾವ ಅರ್ಜಿ ತಂದು ನನ್ನ ಮುಂದಿಟ್ಟರು. ಕೆಲಸ ಮಾಡುವವರು ಎಷ್ಟು ಜನ ಎಂದು ಅದರಲ್ಲಿ ಕೇಳಿತ್ತು.

“ನಾನೊಬ್ನೇ ಅಂತ ಬರಿಯವ್ವ.”

ಅವರ ಹೆಂಡತಿ ಮೊರ ಕೆಳಗಿಟ್ಟರು. “ಒಬ್ರೇ ಅಂತೆ! ಒನಕೆ ಹಿಡ್ದು ಎಷ್ಟು ವರ್ಷ ಆಯ್ತು? ಎಲ್ಲಿ, ಕೈ ತೋರ್ಸಿ ನೋಡಾನ!”

ಎಲ್ಲರೂ ನಕ್ಕೆವು. ನಿಜವೇ. ಮಾವ ಭತ್ತ ತಂದು, ಅವಲಕ್ಕಿ ಹೊತ್ತು ಮಾರುತ್ತಿದ್ದರು. ಹುರಿಯುತ್ತಿದ್ದವರು ಅತ್ತೆ, ಕುಟ್ಟಿ ಕೇರುತ್ತಿದ್ದವರು ಅವರ ಇಬ್ಬರು ನಾದಿನಿಯರು, ಇಬ್ಬರು ಹೆಣ್ಣುಮಕ್ಕಳು. ಹೆಂಗಸರ ದುಡಿಮೆ ಯಾವ ಕಾಗದಕ್ಕೂ ಏರುವುದಿಲ್ಲವೆಂಬ ಸಿಟ್ಟು ನನಗೆ ಆಗ ಬಹಳವಿತ್ತು. ಆರು ಜನ ಎಂದು ಬರೆದೆ. ಮಾವನಿಗೆ ಓದಿ ಹೇಳಿದೆ.

“ಓದಿದೋಳು ನೀನು. ನಿಂಗೆ ಗೊತ್ತಿರ್ತದೆ,” ಎಂದು ಹೆಬ್ಬೆಟ್ಟು ಒತ್ತಿದರು.

ತಿಂಗಳಾದ ಮೇಲೆ ಇನ್ಸ್‌ಪೆಕ್ಟರು ಬಂದರು. ಆರು ಜನ ದುಡಿಯುವ ಜಾಗ ಮನೆಯಲ್ಲ, ಕಾರ್ಖಾನೆ. ಬೇರೆ ಶೆಡ್ಡು ಬೇಕು, ಕಿಟಕಿ ಬೇಕು, ಹಾಜರಿ ಪುಸ್ತಕ ಬೇಕು ಎಂದರು.

“ಹೆಂಡ್ರಿಗೆ ಹಾಜರಿ ಹಾಕ್ಲಾ ಸ್ವಾಮಿ? ಅವ್ಳು ರಜ ಹಾಕಿದ್ರೆ ನಂಗೆ ಅನ್ನ ಇಕ್ಕೋರ್ಯಾರು?”

ಇನ್ಸ್‌ಪೆಕ್ಟರೂ ನಕ್ಕರು. ಆಮೇಲೆ ದನಿ ತಗ್ಗಿಸಿ, “ತಪ್ಪಾಗಿ ಬರೆದಿದ್ರೆ ಹೇಳಪ್ಪ, ತಿದ್ದೋಣ,” ಎಂದರು.

ನಾನು ನಮ್ಮ ಬಾಗಿಲಲ್ಲೇ ನಿಂತಿದ್ದೆ. ಮಾವ ಒಮ್ಮೆ ಇತ್ತ ನೋಡಿದರು.

“ತಪ್ಪೇನಿಲ್ಲ ಸ್ವಾಮಿ. ಆ ಮಗು ಕಂಡಿದ್ದೇ ಬರ್ದೈತೆ.”

ನಾನು ಒಂದು ಮಾತು ಆಡಬಹುದಿತ್ತು... ಆಡಲಿಲ್ಲ.

ಲೈಸೆನ್ಸ್ ಬರಲಿಲ್ಲ. ಒಲೆ ಆರಿತು. ಮಾವ ಅರಸೀಕೆರೆಯ ಮಂಡಿಯಲ್ಲಿ ತೆಂಗಿನಕಾಯಿ ಮೂಟೆ ಹೊರಲು ಸೇರಿದರು. ಆ ವಯಸ್ಸಿಗೆ ಅದು ತಕ್ಕ ಕೆಲಸವಾಗಿರಲಿಲ್ಲ. ಮೂರನೆಯ ವರ್ಷ ಮೂಟೆಯ ಪಕ್ಕದಲ್ಲೇ ಕುಸಿದರಂತೆ.

ಹೋದ ವಾರ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯಿತ್ತು. ಸಣ್ಣ ಉದ್ಯೋಗಗಳ ಮೇಲಿನ ನಿರ್ಬಂಧಗಳನ್ನು ಸರ್ಕಾರ ಸಡಿಲಿಸಿದೆ. ಸ್ವಂತ ಮನೆಯಲ್ಲಿ ದುಡಿಯುವ ಮನೆಮಂದಿಯನ್ನು ಇನ್ನು ಕೆಲಸಗಾರರೆಂದು ಎಣಿಸುವುದಿಲ್ಲ, ಲೈಸೆನ್ಸೂ ಬೇಕಿಲ್ಲ. ನಿನ್ನೆ ಬೆಳಗಿನ ಬಸ್ಸಿಗೆ ಬೇಲೂರಿಗೆ ಹೋಗಿ ಅದನ್ನು ಅತ್ತೆಗೆ ಓದಿ ಹೇಳಿದೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಸುದ್ದಿ ಓದಿದ್ದಷ್ಟೇ ಆಯಿತು.

ಅತ್ತೆ ಇನ್ನೊಂದು ಸಲ ಓದಿಸಿಕೊಂಡರು.

“ಇದು ಆವತ್ತೇ ಬಂದಿದ್ರೆ ನೀನು ನಿಜ ಬರ್ದಿದ್ರೂ ಒಲೆ ಆರ್ತಿರ್ಲಿಲ್ಲ,” ಎಂದರು, “ಅವ್ರೂ ಇರ್ತಿದ್ರು ಕಣವ್ವ.”