ಕೇಳದೆ ತುಂಬಿದ ನಮೂನೆ

ಮೇದೋಜೀರಕ ಗ್ರಂಥಿಯ ಹಳೆಯ ಉರಿಯೂತವಿರುವವರು ಉಂಡಾಗ ಅವರ ಕರುಳಿನ ಹಾರ್ಮೋನುಗಳು ಎಷ್ಟು ಏರುತ್ತವೆ ಎಂದು ಅಳೆಯುವ ಅಧ್ಯಯನವೊಂದಕ್ಕೆ ವಿಜಯಪುರದಲ್ಲಿ ರಕ್ತ ತೆಗೆಯುವ ಕೆಲಸ ನನ್ನದಾಗಿತ್ತು. ಖಾಲಿ ಹೊಟ್ಟೆಯ ರಕ್ತ ತೆಗೆದ ಕೂಡಲೇ ರೋಗಿಗೆ ಒಂದು ಲೋಟ ಪೌಷ್ಟಿಕ ಪೇಯ ಕುಡಿಸಿ, ಗಡಿಯಾರ ನೋಡಿ ಮತ್ತೆ ಮತ್ತೆ ರಕ್ತ ತೆಗೆಯಬೇಕು.

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಮೌಲಾಸಾಬರು ಲೋಟವನ್ನು ಮುಟ್ಟಲಿಲ್ಲ. ನನ್ನ ಕೈಯಲ್ಲಿದ್ದ ಅವರ ಮಾಹಿತಿ ನಮೂನೆಯಲ್ಲಿ ‘ಮದ್ಯಪಾನ: ಹೌದು’ ಎಂದಿದ್ದುದನ್ನು ಓದಿಬಿಟ್ಟಿದ್ದರು.

“ನನ್ನ ಯಾರ ಕೇಳ್ಯಾರ್ರಿ ಅಕ್ಕಾರ? ಜಲ್ಮದಾಗ ಒಂದ ಹನಿ ಮುಟ್ಟಿಲ್ಲ. ನಾ ಕುಡೀತೇನಂತ ಯಾರೋ ಅಂದದ್ದ ನಂಬಿ ಬಬಲೇಶ್ವರದ ಬೀಗರು ನನ್ನ ಮಗಳನ್ನ ತವರಿಗೆ ಕಳಸೂದ ಬಿಟ್ಟಾರ. ಅದನ್ನ ಹೊಡದ ಹಾಕ್ರಿ, ಆಮ್ಯಾಲ ಕುಡೀತೇನಿ.”

“ಈ ಬ್ಯಾನಿ ಬಂದವ್ರೆಲ್ಲಾ ಹಂಗ ಅಂತಾರ,” ಎಂದು ಪಕ್ಕದಲ್ಲಿದ್ದ ನಮ್ಮ ಹಿರಿಯ ವೈದ್ಯರು ನಕ್ಕರು.

ಕುಡಿಯದವರಿಗೂ ಈ ಕಾಯಿಲೆ ಬರುತ್ತದೆಂದು ನಮಗೆ ಪಾಠ ಮಾಡಿದವರು ಅವರೇ. ಮೌಲಾಸಾಬರ ಮಾತು ನಿಜವೆಂದು ನಾನು ಆಣೆ ಇಡಲಾರೆ. ಆದರೆ ಅವರು ಒಳಗೆ ಬರುವ ಮೊದಲೇ ಆ ನಮೂನೆ ತುಂಬಿ ನನ್ನ ಮೇಜಿಗೆ ಬಂದಿತ್ತು.

“ಕೇಳದೆ ಬರೆದದ್ದನ್ನು ನಾನು ಮಾಹಿತಿ ಎನ್ನುವುದಿಲ್ಲ, ಸರ್,” ಎಂದು ‘ಹೌದು’ ಮೇಲೆ ಒಂದೇ ಗೆರೆ ಎಳೆದು, ‘ಇಲ್ಲ’ ಎಂದು ಬರೆದು, ವೇಳೆ ಹಾಕಿ ಸಹಿ ಮಾಡಿದೆ. ಸರ್ ಹೊರಗೆ ಹೋದರು.

ಬೀಗರಿಗೆ ತೋರಿಸಲೆಂದು ಮೌಲಾಸಾಬರು ಅದರ ಫೋಟೊ ತೆಗೆದುಕೊಂಡರು. ಬಳಿಕ ಒಂದೇ ಉಸಿರಿಗೆ ಲೋಟ ಬರಿದು ಮಾಡಿ ಮುಖ ಕಿವುಚಿದರು.

“ಯಪ್ಪಾ! ಶೆರೆ-ದಾರೂನೂ ಇಷ್ಟ ಕೆಟ್ಟ ಇರತೈತೇನ್ರಿ?”

ಸರ್ ಬಲ್ಲರೇನೋ. ಅವರನ್ನು ಕೇಳದೆ ನಾನಂತೂ ಬರೆಯಲಾರೆ.