ಪುರಭವನದ ನೆಲಮಾಳಿಗೆ

ನಮಗೆ ಜರ್ಮನ್ ಕಲಿಸುತ್ತಿದ್ದ ಮೇಡಂ ಜರ್ಮನಿಯಲ್ಲೇ ಹುಟ್ಟಿ, ಲಕ್ಷ್ಮೀಪುರಂಗೆ ಸೊಸೆಯಾಗಿ ಬಂದು, ಅತ್ತೆಯಿಂದ ಕನ್ನಡ ಕಲಿತವರು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ನಮ್ಮ ಉಚ್ಚಾರ ತಪ್ಪಿದರೆ ಸೆರಗಿನಿಂದ ಕನ್ನಡಕ ಒರೆಸುತ್ತಾ, "ಕೊನೇ ಅಕ್ಷರ ನುಂಗ್ಬೇಡ ಕಣಮ್ಮ" ಎನ್ನುತ್ತಿದ್ದರು.

ತಮ್ಮ ಹುಟ್ಟೂರಿನ ಬಗ್ಗೆ ಅವರು ಹೇಳುತ್ತಿದ್ದುದು ಅಲ್ಲಿನ ಪುರಭವನದ ವಿಷಯವೊಂದನ್ನೇ. ಬಟ್ಟೆ ವ್ಯಾಪಾರಿಗಳು ಶತಮಾನಗಳ ಹಿಂದೆ ಕಟ್ಟಿಸಿದ್ದಂತೆ. ಕೆಳಗೆ ಕೆಂಪು ಕಲ್ಲಿನ ಕಮಾನುಗಳು, ಮೇಲೆ ಮರದ ತೊಲೆಗಳ ನಡುವೆ ಗಾರೆ ಬಳಿದ ಗೋಡೆ, ಕಡಿದಾದ ಹೆಂಚಿನ ಮಾಡು. ಯುದ್ಧದಲ್ಲಿ ಬಾಂಬು ಬಿದ್ದು ಸುಟ್ಟುಹೋಯಿತು ಎನ್ನುವಲ್ಲಿಗೆ ಮಾತು ನಿಲ್ಲಿಸುತ್ತಿದ್ದರು. ಮತ್ತೆಂದೂ ಅವರು ಆ ಊರಿಗೆ ಹೋಗಿರಲಿಲ್ಲ.

ನನ್ನ ಸಹಪಾಠಿಯೊಬ್ಬಳು ಜರ್ಮನಿಗೆ ಹೋದಾಗ ಆ ಊರನ್ನೂ ನೋಡಿಕೊಂಡು ಬಂದಳು. ಮೊಬೈಲಿನಲ್ಲಿ ಪುರಭವನದ ಫೋಟೋ ತೋರಿಸುತ್ತಾ, "ಏನೂ ಆಗೇ ಇಲ್ವೇನೋ ಅನ್ನೋ ಹಂಗೆ ಮತ್ತೆ ಕಟ್ಟಿದ್ದಾರೆ ಮೇಡಂ" ಎಂದಳು.

ಮೇಡಂ ಬಹಳ ಹೊತ್ತು ನೋಡಿದರು. "ಕೆಳಗಡೆ ನೆಲಮಾಳಿಗೆ ಇತ್ತಲ್ಲ, ಅದು?"

"ಅದೀಗ ಹೋಟ್ಲು ಮೇಡಂ. ನಾವು ಅಲ್ಲೇ ಊಟ ಮಾಡಿದ್ವಿ."

"ಬಾಂಬು ಬಿದ್ದಾಗ ನಮ್ಮಮ್ಮ, ನನ್ ತಮ್ಮ ಅಲ್ಲೇ ಅಡಗಿದ್ರು ಕಣಮ್ಮ. ನಾನು ಹಳ್ಳೀಲಿ ಅಜ್ಜಿ ಹತ್ರ ಇದ್ದೆ. ಒಳಗೆ ಹೋದವರು ಯಾರೂ ಆಚೆ ಬರ್ಲಿಲ್ಲ."

ಗೆಳತಿ ಅಳತೊಡಗಿದಳು. ಮೇಡಂ ಅವಳ ಕೈ ಹಿಡಿದು ಕೇಳಿದರು: "ಅಲ್ಲಿ ಲೈಟು ಹಾಕಿದ್ರಾ?"

"ತುಂಬಾ ಹಾಕಿದ್ರು ಮೇಡಂ."

"ಒಳ್ಳೇದಾಯ್ತು. ನನ್ ತಮ್ಮಂಗೆ ಕತ್ಲೆ ಅಂದ್ರೆ ಭಯ."