ಡಿಕ್ರಿಯಲ್ಲಿ ಇಲ್ಲದ ಅತ್ತೆ

ಮಧ್ಯಾಹ್ನದ ಹೊತ್ತು ಯಾರಾದರೂ ಬುತ್ತಿಯ ಅರಿವೆ ಬಿಚ್ಚಿ, ಶೇಂಗಾ ಹಿಂಡಿ, ಮೊಸರು, ಜೋಳದ ರೊಟ್ಟಿ ಮೂರರ ವಾಸನೆ ಒಟ್ಟಿಗೆ ಎದ್ದಿತೆಂದರೆ ಉಳಿದವರಿಗೆ ಹಸಿವಾಗುತ್ತದೆ, ನನಗೆ ಕೋರ್ಟು ನೆನಪಾಗುತ್ತದೆ. ನಗಬೇಡಿ. ಮಲ್ಲಿಗೆ ಹೂವಿನ ವಾಸನೆ ಬಂದರೆ ತಮ್ಮ ಮದುವೆ ನೆನಪಾಗುತ್ತದೆ ಎನ್ನುವ ಹೆಂಗಸರನ್ನು ನಾನು ನೋಡಿದ್ದೇನೆ. ನನ್ನ ಮದುವೆಯ ಬಗ್ಗೆ ನನಗೆ ಉಳಿದಿರುವ ನೆನಪೆಂದರೆ ಆ ಮಂಟಪದಲ್ಲಿ ಸೊಳ್ಳೆ ಬಹಳ ಇದ್ದವು ಎಂಬುದೊಂದೇ. ವಿಚ್ಛೇದನ ಮಾತ್ರ ರುಚಿ ಸಮೇತ ನೆನಪಿದೆ.

ಇವತ್ತು ಅರಿವೆ ಬಿಚ್ಚಿದವಳು ರೇಣುಕಾ. ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ನಾವಿಬ್ಬರೂ ಕೆಲಸ ಮಾಡುತ್ತೇವೆ. ಒದ್ದೆ ಕಾಗದದ ಮೇಲೆ ಬದನೆ, ಮೆಣಸಿನಕಾಯಿ, ಹತ್ತಿಯ ಬೀಜ ಹರವಿಟ್ಟು ಯಾವುದು ಮೊಳೆಯಿತು, ಯಾವುದು ಇಲ್ಲ ಎಂದು ನೋಡುವುದು ನಮ್ಮ ಉದ್ಯೋಗ. ಮೊಳೆಯದ ಬೀಜಕ್ಕಾಗಿ ಬಹಳ ಅಳಬಾರದು ಎನ್ನುವ ವಿವೇಕ ಈ ಕೆಲಸದಿಂದ ತಾನಾಗಿಯೇ ಬರುತ್ತದೆ. ರೇಣುಕಾಗೆ ಇನ್ನೂ ಬಂದಿಲ್ಲ, ಆಕೆ ಹೊಸಬಳು. ಗಂಡನ ಜೊತೆ ಬಾಳುವೆ ಸಾಧ್ಯವಿಲ್ಲ ಎಂದು ನಿಶ್ಚಯಿಸಿ, ಕೂಸನ್ನು ಎತ್ತಿಕೊಂಡು ಕುಪ್ಪೇಲೂರಿನ ತವರಿಗೆ ಬಂದು ಕೂತಿದ್ದಾಳೆ. ಊರಿನಲ್ಲಿ ಮೊಣಕಾಲು ನೋವಿಗೊಬ್ಬರು, ಜಾತಕಕ್ಕೊಬ್ಬರು ಇರುವ ಹಾಗೆ ಡೈವೋರ್ಸಿಗೆ ನಾನಿದ್ದೇನೆ. ಅದಕ್ಕೇ ರೊಟ್ಟಿ ಮುರಿಯುತ್ತಲೇ ಕೇಳತೊಡಗಿದಳು.

“ಅಕ್ಕಾರ, ಕೂಸು ಯಾರ ಕಡೆ ಇರತೈತ್ರಿ?”

“ಸಣ್ಣ ಕೂಸು ಇದ್ರ ಹೆಚ್ಚಾಗಿ ತಾಯಿ ಕಡೆ ಇಡತಾರ. ಕೂಸಿಗೆ ಯಾವುದು ಛಲೋ ಅನ್ನೂದನ್ನ ಕೋರ್ಟ್ ನೋಡತೈತಿ. ಅವರಪ್ಪ ಬಂದು ನೋಡಾಕ, ಕರಕೊಂಡು ಹೋಗಾಕ ದಿನ ಗೊತ್ತು ಮಾಡತಾರ.”

“ಬಂಗಾರ?”

“ನಿನಗಂತ ಕೊಟ್ಟಿದ್ದು ನಿಂದ. ತವರಿನವರು ಕೊಟ್ಟಿರಲಿ, ಅತ್ತಿ ಮನಿಯವರು ಕೊಟ್ಟಿರಲಿ.”

“ಮನ್ಯಾಗ ಅರ್ಧ ಬರತೈತಿ ಅಂತಾರಲ್ರಿ?”

“ಅದು ಸಿನಿಮಾದಾಗ. ಅವನ ಹೆಸರಿಲೆ ಇದ್ದ ಮನ್ಯಾಗ ತಾನಾಗೇ ಅರ್ಧ ಬರಂಗಿಲ್ಲ. ಜೀವನಾಂಶ ಕೇಳಬಹುದು, ಇಬ್ಬರೂ ಒಪ್ಪಿ ಹೊಂದಿಸ್ಕೋಬಹುದು. ಛಲೋ ವಕೀಲರನ್ನ ಹಿಡಿ.”

ನನ್ನ ಪಾಂಡಿತ್ಯಕ್ಕೆ ನಾನೇ ಒಳಗೊಳಗೆ ಹಿಗ್ಗಿದೆ. ರೇಣುಕಾ ಕಣ್ಣು ತುಂಬಿಕೊಂಡು, “ನಮ್ಮತ್ತಿ ಭಾಳ ಛಲೋ ಅದಾರ್ರಿ ಅಕ್ಕಾರ. ಡೈವೋರ್ಸ್ ಆದಮ್ಯಾಲೆ ಅವರು ನನಗ ಏನಾಗಬೇಕ್ರಿ?” ಎಂದಳು.

ನನ್ನ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು. ಈ ಪ್ರಶ್ನೆಯನ್ನು ನಾನೂ ಒಮ್ಮೆ ಕೇಳಿದ್ದೆ.

ನನ್ನ ಕತೆಗೆ ಬರುವ ಮೊದಲು ಒಂದು ತೊಡಕಿದೆ. ಅವರನ್ನು ಏನೆಂದು ಕರೆಯಲಿ? ಮಾಜಿ ಗಂಡ ಎಂದರೆ ಮಾಜಿ ಶಾಸಕರ ಹಾಗೆ ಕೇಳುತ್ತದೆ. ಮಗಳು ಚೈತ್ರಾಳ ಅಪ್ಪ ಎನ್ನೋಣ, ಅದನ್ನು ಯಾವ ಕೋರ್ಟೂ ಬದಲಿಸಿಲ್ಲ. ಚೈತ್ರಾಳ ಅಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದರು. ಸಂಜೆ ಹಲಗೇರಿಯ ಮನೆಯ ಬಾಗಿಲಿಗೆ ಅವರು ಬಂದದ್ದು ಸೀನಿನಿಂದ ಗೊತ್ತಾಗುತ್ತಿತ್ತು. ಅವರ ಸೀನಲ್ಲ, ನನ್ನದು. ಅವರ ಅಂಗಿಯಲ್ಲಿ ಅಷ್ಟು ಖಾರವಿರುತ್ತಿತ್ತು. ಮನುಷ್ಯ ಮಾತ್ರ ಸಪ್ಪಗೆ. ಒಳ್ಳೆಯವರು, ಕುಡಿತವಿಲ್ಲ, ಕೈ ಎತ್ತುವುದಿಲ್ಲ, ಆದರೆ ಮಾತಿಲ್ಲ. ನಾನೋ ಮಾತು ನಿಲ್ಲಿಸುವವಳಲ್ಲ. ಮೊದಮೊದಲು ಎರಡೂ ಕಡೆಯ ಹಿರಿಯರು ಇದನ್ನು ಒಳ್ಳೆಯ ಹೊಂದಾಣಿಕೆ ಎಂದು ಮೆಚ್ಚಿಕೊಂಡರು. ಕ್ರಮೇಣ ನಾನೂ ಮಾತು ನಿಲ್ಲಿಸಿದೆ. ಮನೆಯಲ್ಲಿ ಟಿವಿ ಮತ್ತು ಅತ್ತೆ ಇಬ್ಬರೇ ಮಾತಾಡುತ್ತಿದ್ದರು. ಒಂದು ದಿನ ಚೈತ್ರಾ ಅಪ್ಪ ಅವ್ವನ ಆಟ ಆಡುತ್ತ ಎರಡು ಗೊಂಬೆಗಳನ್ನು ಬೇರೆ ಬೇರೆ ಗೋಡೆಗೆ ಮುಖ ಮಾಡಿಸಿ ಕೂರಿಸಿದ್ದಳು. ಅದನ್ನು ನಾವಿಬ್ಬರೂ ನೋಡಿದೆವು. ಅವತ್ತು ಸಂಜೆ ಬಹಳ ವರ್ಷಗಳ ಮೇಲೆ ಮನಸ್ಸು ಬಿಚ್ಚಿ ಮಾತಾಡಿದೆವು, ಬೇರೆಯಾಗುವ ಬಗ್ಗೆ. ನನಗೆ ದುಃಖವಾಯಿತು. ಅದಕ್ಕಿಂತ ಹೆಚ್ಚಾಗಿ, ಎದೆಯ ಮೇಲಿನ ಭಾರ ಯಾರೋ ಇಳಿಸಿದಂತಾಯಿತು.

ಮಗಳೊಂದಿಗೆ ರಾಣೇಬೆನ್ನೂರಿನಲ್ಲಿ ಬಾಡಿಗೆ ಮನೆ ಹಿಡಿದೆ. ಒಂದು ವರ್ಷ ಬೇರೆ ಇದ್ದ ಮೇಲೆ ಇಬ್ಬರೂ ಒಪ್ಪಿ ಹಾವೇರಿಯ ಕೋರ್ಟಿಗೆ ಅರ್ಜಿ ಹಾಕಿದೆವು. ವಿಚಿತ್ರವೆಂದರೆ ಬೇರೆಯಾಗುವುದು ಗಟ್ಟಿಯಾದ ಮೇಲೆ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದತೊಡಗಿತು. ಸಾಮಾನು ಹಂಚಿಕೊಳ್ಳುವಾಗ ಜಗಳವಾಯಿತು ನಿಜ, ಆದರೆ ಅದು ತಿರುಗುಮುರುಗು ಜಗಳ. ತಿಜೋರಿ ನೀನು ಒಯ್ಯಿ ಎಂದು ಅವರು, ಮೂರನೆಯ ಮಹಡಿಗೆ ಯಾರು ಹೊರಬೇಕು ನೀವೇ ಇಟ್ಟುಕೊಳ್ಳಿ ಎಂದು ನಾನು. ರೊಟ್ಟಿ ಸುಡುವ ಕಬ್ಬಿಣದ ಹಂಚಿನ ಮಾತು ಬಂದಾಗ ಅತ್ತೆ ಅಡುಗೆ ಮನೆಯಿಂದ ಹೊರಗೆ ಬಂದರು. “ಹಂಚು ನಂದು. ನಮ್ಮವ್ವ ಕೊಟ್ಟಿದ್ದು. ಯಾರಿಗೆ ರೊಟ್ಟಿ ಬಡಿಯಾಕ ಬರತೈತಿ ಅವರಿಗೆ ಕೊಡತೇನಿ” ಎಂದು ಅದನ್ನು ನನ್ನ ಚೀಲಕ್ಕೆ ತುರುಕಿದರು.

ಕೋರ್ಟಿನ ಮೊದಲ ತಾರೀಕು ನನಗೆ ಬಸ್ಸು ತಪ್ಪಿತು. ಬಸ್‌ಸ್ಟ್ಯಾಂಡಿನ ಮುಂದೆ ಪೇಚಾಡುತ್ತ ನಿಂತಿದ್ದಾಗ ಚೈತ್ರಾಳ ಅಪ್ಪ ಹಲಗೇರಿಯಿಂದ ಗಾಡಿಯ ಮೇಲೆ ಬಂದು ಪಕ್ಕದಲ್ಲಿ ನಿಲ್ಲಿಸಿ, “ಹತ್ತು” ಎಂದರು. ಅವರ ಲೆಕ್ಕದಲ್ಲಿ ಅದು ದೊಡ್ಡ ಭಾಷಣ. ಹತ್ತಿದೆ. ಮೋಟೆಬೆನ್ನೂರು ದಾಟುವಾಗ ನನಗೆ ಅಭ್ಯಾಸದಂತೆ ಸೀನು ಬಂತು. ಹಾವೇರಿ ಮುಟ್ಟಿ ಕೋರ್ಟಿನ ಬೇವಿನ ಮರದ ಕೆಳಗೆ ಕೂತು ಅತ್ತೆ ಕಟ್ಟಿಕೊಟ್ಟಿದ್ದ ಬುತ್ತಿ ಬಿಚ್ಚಿದೆವು. ಇಬ್ಬರಿಗೂ ಸೇರಿ ಒಂದೇ ಗಂಟು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಉಣ್ಣುತ್ತ ಅವರು ಕೋಲ್ಡ್ ಸ್ಟೋರೇಜಿನಲ್ಲಿ ಬೀಗ ಬಿದ್ದು ಒಳಗೇ ಸಿಕ್ಕಿಕೊಂಡ ಮ್ಯಾನೇಜರರ ಕತೆ ಹೇಳಿದರು. ಸಂಸಾರದುದ್ದಕ್ಕೂ ಕೇಳದಷ್ಟು ಮಾತು! ನಾನು ಬಿದ್ದು ಬಿದ್ದು ನಗುತ್ತಿದ್ದೆ. ತಲೆ ಎತ್ತಿದರೆ ಎದುರಿಗೆ ನಮ್ಮ ವಕೀಲರು.

“ಏನ್ರಿ ಇದು? ಡೈವೋರ್ಸ್ ಕೇಳಾಕ ಬಂದವರು ಒಂದ ಗಾಡಿ ಮ್ಯಾಲೆ ಬರತಾರೇನ್ರಿ? ಒಂದ ಬುತ್ತಿ ಉಣ್ಣತಾರೇನ್ರಿ? ಒಳಗ ನಾ ಏನಂತ ಬಾಯಿ ತೆಗೀಲಿ?”

ಅವರು ಹೆದರಿದಂತೆಯೇ ಆಯಿತು. ಸಂಧಾನಕ್ಕೆ ಕೂರುವ ಮೇಡಂ ಕಿಟಕಿಯಿಂದ ನಮ್ಮ ಊಟ ನೋಡಿಬಿಟ್ಟಿದ್ದರು. ಪಾಪ, ಅವರಿಗೆ ಆನಂದವೋ ಆನಂದ. ನಿಮ್ಮಂಥ ಜೋಡಿಯನ್ನು ಕೂಡಿಸದಿದ್ದರೆ ನಾನು ಈ ಕುರ್ಚಿಯಲ್ಲಿ ಕೂತು ಏನು ಪ್ರಯೋಜನ ಎಂದು ಮತ್ತೊಂದು ದಿನ ಕೊಟ್ಟರು. ಬೇರೆ ಬೇರೆ ಬನ್ನಿ, ಬೇರೆ ಬೇರೆ ಬೆಂಚಿನಲ್ಲಿ ಕೂರಿ, ನಗಬೇಡಿ ಎಂದು ವಕೀಲರು ಕಟ್ಟಪ್ಪಣೆ ಮಾಡಿದರು.

ಈ ಅಪ್ಪಣೆಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಉಮೇದಿನಲ್ಲಿ ಮುಂದಿನ ತಾರೀಕಿಗೆ ಅತ್ತೆಯೇ ಬಂದರು. ಒಂದು ಬೆಂಚಿನಲ್ಲಿ ಮಗನನ್ನು ಕೂರಿಸಿದರು, ಇನ್ನೊಂದರಲ್ಲಿ ನನ್ನನ್ನು, ನಡುವಿನ ಬೆಂಚಿನಲ್ಲಿ ತಾವು ಬುತ್ತಿ ಇಟ್ಟುಕೊಂಡು ಕೂತರು. ಆಮೇಲೆ ರೊಟ್ಟಿಯ ಮೇಲೆ ಪಲ್ಯ ಹಾಕಿ ಒಂದು ಆ ಕಡೆ ಚಾಚುವುದು, ಒಂದು ಈ ಕಡೆ ಚಾಚುವುದು. “ಆಕಿಗೆ ಇನ್ನೊಂಚೂರು ಮೊಸರು ಬೇಕೇನು ಕೇಳು” ಎಂದು ಮಗನಿಗೆ ಹೇಳುವುದು. ಅವರು ನನ್ನತ್ತ ನೋಡದೆ ಗೋಡೆಗೆ ಕೇಳುವುದು, ನಾನು ಗೋಡೆಗೇ ಬೇಡ ಎನ್ನುವುದು. ಪಕ್ಕದ ಬೆಂಚಿನಲ್ಲಿ ನಿಜವಾಗಿ ಜಗಳಾಡಲು ಬಂದಿದ್ದ ಇನ್ನೊಂದು ಜೋಡಿ ತಮ್ಮ ಜಗಳ ಬಿಟ್ಟು ನಮ್ಮನ್ನೇ ನೋಡುತ್ತ ಕೂತಿತು.

ನಡುವೆ ಒಂದು ತಾರೀಕಿಗೆ ಚೈತ್ರಾಳನ್ನು ಜಡ್ಜ್ ಸಾಹೇಬರು ತಮ್ಮ ಕೋಣೆಗೆ ಕರೆಸಿಕೊಂಡರು. ಹೊರಗೆ ಬಂದ ಮೇಲೆ ಏನು ಹೇಳಿದೆ ಎಂದು ಕೇಳಿದೆ. ಯಾರ ಹತ್ತಿರ ಇರುತ್ತೀ ಎಂದು ಅವರು ಕೇಳಿದರಂತೆ. “ಸಾಲಿ ಇದ್ದಾಗ ಅವ್ವ, ಸೂಟಿ ಇದ್ದಾಗ ಅಜ್ಜಿ ಅಂದೆ.” ಮತ್ತೆ ಅಪ್ಪ ಎಂದು ಕೇಳಿದ್ದಕ್ಕೆ, “ಅಪ್ಪ ಗಾಡಿ ಹೊಡೀತಾನ” ಎಂದಳಂತೆ. ವಕೀಲರು ದಿನಗಟ್ಟಲೆ ತಿದ್ದಿದ್ದ ಒಪ್ಪಂದವೂ ಕೊನೆಗೆ ಇದನ್ನೇ ಹೇಳುತ್ತಿತ್ತು, ಇನ್ನಷ್ಟು ಉದ್ದವಾಗಿ.

ಎಲ್ಲ ಇತ್ಯರ್ಥವಾಯಿತು ಎನ್ನುವ ಹೊತ್ತಿಗೆ ನಾನು ವಕೀಲರನ್ನು ಒಂದು ಬದಿಗೆ ಕರೆದು ಕೇಳಿದೆ, ನಮ್ಮತ್ತೆ ನನಗೆ ಇನ್ನು ಏನಾಗಬೇಕು ಎಂದು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಏನೂ ಆಗಂಗಿಲ್ಲರೀ. ಡಿಕ್ರಿ ಆತಂದ್ರ ಕಾನೂನಿನ ಪ್ರಕಾರ ಅವರು ನಿಮಗ ಏನೂ ಆಗಂಗಿಲ್ಲ.” ಗಂಡನನ್ನು ಬಿಡುವಾಗ ಅಳದವಳು ಆ ಮಾತಿಗೆ ಅತ್ತುಬಿಟ್ಟೆ. ಹದಿನೆಂಟರ ವಯಸ್ಸಿಗೆ ಅವ್ವನನ್ನು ಕಳೆದುಕೊಂಡವಳು ನಾನು. ರೊಟ್ಟಿ ಬಡಿಯುವುದನ್ನು, ಜಡೆ ಗಟ್ಟಿ ಹಾಕುವುದನ್ನು, ಬಾಣಂತಿಯಾದಾಗ ಸೊಂಟಕ್ಕೆ ಪಟ್ಟಿ ಬಿಗಿಯುವುದನ್ನು ಆ ಮನೆಯ ಈ ಹೆಂಗಸು ಕಲಿಸಿದ್ದಳು. ಅವಳನ್ನು ಯಾರ ಪಾಲಿಗೂ ಬರೆಯದೆ ಕಾನೂನು ಹಾಗೇ ಬಿಟ್ಟುಬಿಟ್ಟಿತ್ತು.

ಡಿಕ್ರಿಯಾಯಿತು. ಅತ್ತೆ ರಾಣೇಬೆನ್ನೂರಿನ ಸಂತೆಗೆ ಬಂದಾಗ ನಮ್ಮ ಮನೆಗೆ ಬರುತ್ತಿದ್ದರು. ನಾನು ಮಾತ್ರ ಹಲಗೇರಿಯ ಹೊಸ್ತಿಲು ದಾಟಲಿಲ್ಲ. ಸೂಟಿಗೆ ಮಗಳನ್ನು ಬಿಡಲು ಹೋದರೂ ಬಾಗಿಲ ಹೊರಗಿನಿಂದಲೇ ತಿರುಗಿ ಬರುತ್ತಿದ್ದೆ. ಏನೂ ಆಗದವಳು ಒಳಗೆ ಹೋಗಿ ಏನೆಂದು ಕೂರುವುದು? ಮುಂದೆ ಚೈತ್ರಾಳ ಅಪ್ಪ ಐರಣಿಯ ಶೋಭಾಳನ್ನು ಮದುವೆಯಾದರು. ಹುಡುಗಿ ನನಗಿಂತ ಹೆಚ್ಚು ಮಾತಾಡುತ್ತಾಳೆ ಎಂದು ಕೇಳಿ ಅವರ ಬಗ್ಗೆ ಕನಿಕರವೂ ಅವಳ ಬಗ್ಗೆ ಗೌರವವೂ ಹುಟ್ಟಿತು.

ಹೋದ ತಿಂಗಳು ಅತ್ತೆ ಕುಂಕುಮದ ಭರಣಿ ಹಿಡಿದುಕೊಂಡು ಬಂದರು. ಶೋಭಾಳಿಗೆ ದಿನ ತುಂಬುತ್ತ ಬಂದಿತ್ತು, ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದರು. ಚೈತ್ರಾಳ ಕೈಯಿಂದ ನನ್ನ ಹಣೆಗೆ ಕುಂಕುಮ ಹಚ್ಚಿಸಿ, “ನಸುಕಿನ್ಯಾಗ ಬಾ. ಹೋಳಿಗಿ ಮಾಡಾಕ ಮಂದಿಲ್ಲ” ಎಂದರು.

“ಅತ್ತಿ, ನಾ ಬಂದ್ರ ಮಂದಿ ಏನಂತಾರ್ರಿ?”

“ಹೋಳಿಗಿ ಛಲೋ ಆಗ್ಯಾವ ಅಂತಾರ.”

ಹೋದೆ. ಹೊಸ್ತಿಲಲ್ಲಿ ಕಾಲು ತಡೆಯಿತು. ಚೈತ್ರಾ ಹಿಂದಿನಿಂದ ದೂಡಿದಳು. ಒಳಗೆ ಹಸಿರು ಸೀರೆ, ಹಸಿರು ಬಳೆ ತೊಟ್ಟ ಶೋಭಾ ಮಣೆಯ ಮೇಲೆ ಕೂತಿದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಸಜ್ಜಾಗಿದ್ದವು. ನಮ್ಮ ಕಡೆ ಬಸುರಿಯ ಉಡಿ ತುಂಬುವವರು ಮುತ್ತೈದೆಯರಾಗಿರಬೇಕು, ಗಂಡ ಬದುಕಿರುವವರು. ಅತ್ತೆಗೆ ಗಂಡನಿಲ್ಲ, ಹಾಗಾಗಿ ತಮ್ಮದೇ ಸೊಸೆಯ ಉಡಿ ಅವರು ತುಂಬುವಂತಿಲ್ಲ. ಈ ನಿಯಮ ಮಾಡಿದವರು ಸಿಕ್ಕರೆ ನಾನು ಎರಡು ಮಾತು ಕೇಳಬೇಕೆಂದಿದ್ದೇನೆ. ಅತ್ತೆ ಗೋಡೆ ಹಿಡಿದು ದೂರ ನಿಂತು ಹೇಳಿದರು, “ಮೊದಲ ಉಡಿ ನನ್ನ ಬದಲಿ ಈಕಿ ತುಂಬತಾಳ. ಈ ಮನಿಗೆ ಹಿರೇ ಮುತ್ತೈದಿ ಈಕೀನ.”

ಎಲ್ಲರೂ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಐರಣಿಯಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು ಅನುಮಾನಿಸುತ್ತ, “ಅಲ್ಲಬೇ, ಕೋರ್ಟಿನ್ಯಾಗ ಬಿಟ್ಟಾಕಿ ಅಂತಲ್ಲ. ನಡಿತೈತೇನು?” ಎಂದು ಕೇಳಿದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ, ಕೂಸಿನ ಕಾಳಜಿ ಇತ್ತು. ಆದರೂ ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಅತ್ತೆ ಹಿತ್ತಲ ಬಾಗಿಲ ಕಡೆ ಕೈ ಮಾಡಿದರು. “ಕೋರ್ಟಿನವರು ಗಂಡನ್ನ ಬಿಡಿಸ್ಯಾರ, ಸಾಯಿಸಿಲ್ಲ. ಅಲ್ಲಿ ನೋಡ್ರಿ, ಜೀವಂತ ಅದಾನ. ನೀರ ಹೊರಾಕತ್ತಾನ.”

ಎಲ್ಲರೂ ತಿರುಗಿ ನೋಡಿದರು. ಚೈತ್ರಾಳ ಅಪ್ಪ ಎರಡೂ ಕೈಯಲ್ಲಿ ಕೊಡ ಹಿಡಿದು, ಏನಾಗಿದೆಯೆಂದು ತಿಳಿಯದೆ ಕಕ್ಕಾಬಿಕ್ಕಿಯಾಗಿ ನಿಂತಿದ್ದರು. ಮೊದಲು ನಕ್ಕವಳು ಶೋಭಾ. ಆಮೇಲೆ ಐರಣಿಯ ಆ ಅಜ್ಜಿಯೇ ಸೆರಗು ಬಾಯಿಗೆ ಇಟ್ಟುಕೊಂಡರು. ನಗು ಅಡುಗೆ ಮನೆಯವರೆಗೆ ಹೋಯಿತು. ನಾನು ಹೋಗಿ ಅತ್ತೆಯ ಕೈ ಹಿಡಿದು ಎಳೆದುಕೊಂಡು ಬಂದೆ. ಅವರು ಬ್ಯಾಡ ಬ್ಯಾಡ ಎನ್ನುತ್ತಿದ್ದರೂ ಅವರ ಬೊಗಸೆಗೆ ನನ್ನ ಬೊಗಸೆ ಕೂಡಿಸಿ ಶೋಭಾಳ ಉಡಿಗೆ ಅಕ್ಕಿ ಸುರಿದೆ. ಐರಣಿಯ ಅಜ್ಜಿಯೇ ಕೊಬ್ಬರಿ ಬಟ್ಟಲು ನಮ್ಮ ಕಡೆ ಸರಿಸಿದರು. ನನಗೆ ಬಹಳ ಸಂತೋಷವಾಗಿತ್ತು.

ರೇಣುಕಾಗೆ ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಊಟದ ವೇಳೆ ಮೀರಿತ್ತು. ಅವಳು ಬಿಡಲಿಲ್ಲ. “ಅದೆಲ್ಲಾ ಖರೇ ಅಕ್ಕಾರ. ಆದ್ರ ಮಂದಿ ಕೇಳಿದ್ರ ಏನಂತ ಹೇಳೂದ್ರಿ?”

ಅದಕ್ಕೂ ಉತ್ತರ ಈಚೆಗೆ ಸಿಕ್ಕಿದೆ. ಮೊನ್ನೆ ಅತ್ತೆ ಮತ್ತು ನಾನು ಹಲಗೇರಿಯ ಬಸ್ಸಿನಲ್ಲಿ ಕೂತಿದ್ದೆವು. ಪಕ್ಕದ ಸೀಟಿನ ಹೆಂಗಸು ಇವರು ನಿಮಗೇನಾಗಬೇಕು ಎಂದು ನನ್ನನ್ನು ಕೇಳಿದಳು. ನಮ್ಮತ್ತಿ ಎಂದೆ. ಆಕೆ ಅಷ್ಟಕ್ಕೆ ಸುಮ್ಮನಾಗದೆ, ನಿಮ್ಮ ಮನೆಯವರು ಬರಲಿಲ್ಲವೇ, ಏನು ಮಾಡುತ್ತಾರೆ ಎಂದು ಮುಂದುವರಿಸಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ತೊಡೆಯ ಮೇಲೆ ಕೈಯಿಟ್ಟು ಹೇಳಿದರು, “ಅಂವ ನನ್ನ ಮಗ. ಈಕಿಗೂ ಅವಗೂ ಏನೂ ಸಂಬಂಧಿಲ್ಲ.”

ರೇಣುಕಾ ಮೊದಲು ಬಾಯಿ ತೆರೆದು ನೋಡಿದಳು, ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಕೈ ತೊಳೆದು ಬಂದು, ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದಳು, “ನಾಳೆ ಸೂಟಿ ತಗೋತೇನ್ರಿ. ವಕೀಲರ ಕಡೆ ಆಮ್ಯಾಲೆ ಹೋದ್ರಾತು. ಮೊದಲ ನಮ್ಮತ್ತಿಗೆ ಹೇಳಿ ಬರತೇನಿ.”